ಲೇಹ್‌ಗೆ ದಾರಿ ಹುಡುಕಿದ ಮೆಹರ್ ಬಾಬಾ

ಮೆಹರ್ ಬಾಬಾ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವವರು ಅಹಮದ್‌ನಗರದ ಬಳಿ ದಶಕಗಟ್ಟಲೆ ಮೌನವ್ರತದಲ್ಲಿದ್ದ ಸಂತರು. ಭಾರತೀಯ ವಾಯುಪಡೆಯ ಹಳಬರನ್ನು ಕೇಳಿದರೆ ಮಾತ್ರ ಅವರು ಹೇಳುವುದು ಇನ್ನೊಬ್ಬ ಬಾಬಾನ ಕಥೆ. ಆತ ಪೇಟ ಸುತ್ತಿದ ಒಬ್ಬ ಸಿಖ್ ವಿಮಾನ ಚಾಲಕ. ಪೂರ್ಣ ಹೆಸರು ಏರ್ ಕಮೊಡೋರ್ ಮೆಹರ್ ಸಿಂಗ್. 1948ರ ಮೇ 24ರಂದು, ಯಾವ ವಿಮಾನವೂ ಅದುವರೆಗೆ ಇಳಿಯದಿದ್ದ ಲೇಹ್‌ನ ಮರಳು ನೆಲದ ಮೇಲೆ ಒಂದು ಡಕೋಟಾವನ್ನು ತಂದು ಇಳಿಸಿದವರು ಇವರೇ.

ನಮ್ಮ ಕನ್ನಡ ಸಂಘದ ವಾರ್ಷಿಕೋತ್ಸವದ ಸಂಚಿಕೆಯಲ್ಲಿ ಪಂಜಾಬಿನ ವೀರನಿಗೇನು ಕೆಲಸ ಎಂದು ಕೆಲವರು ಹುಬ್ಬೇರಿಸಬಹುದು. ಅಂದು ಆ ವಿಮಾನದಲ್ಲಿ ಮೆಹರ್ ಸಿಂಗರ ಜೊತೆಗಿದ್ದ ಪ್ರಯಾಣಿಕ ಮಡಿಕೇರಿಯಲ್ಲಿ ಹುಟ್ಟಿದ ನಮ್ಮ ಕೊಡಗಿನ ತಿಮ್ಮಯ್ಯನವರು. ಆಗ ಅವರು ಮೇಜರ್ ಜನರಲ್. ಮುಂದೆ ಭಾರತದ ಭೂಸೇನೆಯ ಮುಖ್ಯಸ್ಥರಾದವರು. ಇನ್ನು ಮೆಹರ್ ಸಿಂಗರು ವಿಮಾನ ಹಾರಿಸುವ ವಿದ್ಯೆ ಕಲಿತದ್ದು ನಾವು ಮನೆ ಮಾಡಿಕೊಂಡಿರುವ ಇದೇ ಬ್ರಿಟನ್ನಿನಲ್ಲಿ, ಲಿಂಕನ್‌ಷೈರಿನ ಕ್ರಾನ್‌ವೆಲ್ ವಾಯುಪಡೆ ಕಾಲೇಜಿನಲ್ಲಿ. ನಮ್ಮ ಮಕ್ಕಳಲ್ಲಿ ಎಷ್ಟೋ ಮಂದಿ ಆ ಊರಿನ ಹೆಸರಿರುವ ಫಲಕವನ್ನು ಹೆದ್ದಾರಿಯಲ್ಲಿ ಓದಿ ಮುಂದೆ ಹೋಗಿರುತ್ತಾರೆ. ಹೀಗೆ ನಂಟು ಎರಡೂ ಕಡೆಯಿಂದ ಇದೆ.

ಮೆಹರ್ ಸಿಂಗ್ ಹುಟ್ಟಿದ್ದು 1915ರ ಮಾರ್ಚ್ 20ರಂದು, ಈಗ ಪಾಕಿಸ್ತಾನದಲ್ಲಿರುವ, ಫೈಸಲಾಬಾದ್ ಎಂದು ಹೆಸರು ಬದಲಾಗಿರುವ ಲಾಯಲ್‌ಪುರದಲ್ಲಿ. ಕಾಲುವೆ ನೀರು ಬಂದ ಮೇಲೆ ಬೆಳೆದ ಬಯಲು ನಾಡು ಅದು. ಕಣ್ಣು ಹಾಯಿಸಿದಷ್ಟು ದೂರ ಬೆಟ್ಟವೆಂಬುದಿಲ್ಲ. ಅಂಥ ನೆಲದ ಹುಡುಗ ಮುಂದೆ ಬೆಟ್ಟಗಳ ನಡುವೆಯೇ ಹೆಸರು ಮಾಡಿದ. 1932ರಲ್ಲಿ ಭಾರತೀಯ ವಾಯುಪಡೆ ಹುಟ್ಟಿತು. ಅಧಿಕಾರಿಗಳಾಗುವ ಭಾರತೀಯ ತರುಣರನ್ನು ಆಗ ತರಬೇತಿಗೆ ಕಳುಹಿಸುತ್ತಿದ್ದುದು ಕ್ರಾನ್‌ವೆಲ್‌ಗೆ. 1933ರಲ್ಲಿ ಮೆಹರ್ ಸಿಂಗ್ ಆಯ್ಕೆಯಾಗಿ ಹಡಗು ಹತ್ತಿದರು. 1936ರ ಆಗಸ್ಟಿನಲ್ಲಿ ಪೈಲಟ್ ಆಫೀಸರ್ ಆಗಿ ಹೊರಬಂದರು. ಆಗ ಇಡೀ ಭಾರತೀಯ ವಾಯುಪಡೆ ಎಂದರೆ ಒಂದೇ ಸ್ಕ್ವಾಡ್ರನ್.

ಆ ಸ್ಕ್ವಾಡ್ರನ್ನಿಗೆ ಕೆಲಸವಿದ್ದದ್ದು ವಾಯವ್ಯ ಗಡಿನಾಡಿನ ವಜೀರಿಸ್ತಾನದಲ್ಲಿ. ಇಪಿಯ ಫಕೀರ ಎಂದು ಹೆಸರಾದ ಮುಖಂಡನ ಬೆಂಬಲಿಗರು ಬ್ರಿಟಿಷರ ವಿರುದ್ಧ ಎದ್ದಿದ್ದ ಕಾಲ. ಹಾರಿಸುತ್ತಿದ್ದುದು ವಾಪಿಟಿ ಎಂಬ ಎರಡು ಜೊತೆ ರೆಕ್ಕೆಯ, ಮೇಲೆ ಮುಚ್ಚಳವಿಲ್ಲದ ಪುಟ್ಟ ವಿಮಾನ. ಮುಂದೆ ಚಾಲಕ, ಹಿಂದೆ ಬಂದೂಕಿನವನು, ಅಷ್ಟೇ. ಆ ಬೋಳು ಗುಡ್ಡಗಳ ನಡುವಿನ ಕೊರಕಲುಗಳಲ್ಲಿ ವಿಮಾನ ತಗ್ಗಿ ಹಾರಿದಾಗ ಗುಡ್ಡದ ಮೇಲೆ ಕುಳಿತ ಬಂದೂಕಿನವನು ಚಾಲಕನಿಗಿಂತ ಎತ್ತರದಲ್ಲಿರುತ್ತಿದ್ದ. ವಿಮಾನಕ್ಕೆ ಮೇಲಿನಿಂದ ಗುಂಡು ಬೀಳುವ ವಿಚಿತ್ರ ಯುದ್ಧ ಅದು. ಸೆರೆಸಿಕ್ಕರೆ ಜೀವಸಹಿತ ಒಪ್ಪಿಸಿದವರಿಗೆ ಬಹುಮಾನ ಕೊಡುತ್ತೇವೆಂದು ಬರೆದ ಚೀಟಿಯೊಂದನ್ನು ಚಾಲಕರು ಜೇಬಿನಲ್ಲಿಟ್ಟುಕೊಂಡು ಹಾರುತ್ತಿದ್ದರು.

ಅಂಥದೊಂದು ಹಾರಾಟದಲ್ಲಿ ಮೆಹರ್ ಸಿಂಗರ ವಾಪಿಟಿಯ ಪೆಟ್ರೋಲ್ ಟ್ಯಾಂಕಿಗೆ ಗುಂಡು ತಗುಲಿತು. ಗುಡ್ಡಗಳ ನಡುವೆಯೇ ಹೇಗೋ ನೆಲ ಕಾಣಿಸಿ ಕೆಳಗಿಳಿಸಿದರು. ವಿಮಾನ ನುಚ್ಚುನೂರಾದರೂ ಅವರೂ ಹಿಂದಿನ ಆಸನದ ಗುಲಾಮ್ ಅಲಿಯೂ ಉಳಿದುಕೊಂಡರು. ಇಬ್ಬರೂ ಬಂದೂಕುಧಾರಿಗಳ ಕಣ್ಣು ತಪ್ಪಿಸಿ, ಕತ್ತಲೆಯಲ್ಲಿ ನಡೆದು, ಸೇನೆಯ ಒಂದು ಠಾಣೆ ಸೇರಿದರು. ಆಮೇಲೆ ಮೆಹರ್ ಸಿಂಗ್ ರಜೆ ಕೇಳಲಿಲ್ಲ, ಮತ್ತೆ ಹಾರಾಟಕ್ಕೆ ಹೊರಟರು. ಆಗ ಅವರ ವಯಸ್ಸು ಇನ್ನೂ ಇಪ್ಪತ್ತೆರಡರ ಆಸುಪಾಸು.

ಬರ್ಮಾ ಯುದ್ಧದ ವಿಚಾರ ದೊಡ್ಡದು. ಇಲ್ಲಿ ಚುಟುಕಾಗಿ ಹೇಳುತ್ತೇವೆ. 1942ರ ಕೊನೆಯಲ್ಲಿ ಹೊಸದಾಗಿ ಕಟ್ಟಿದ 6ನೇ ಸ್ಕ್ವಾಡ್ರನ್ನಿಗೆ ಅವರು ನಾಯಕರಾದರು. ಹರಿಕೇನ್ ವಿಮಾನಗಳಲ್ಲಿ ಜೋಡಿಜೋಡಿಯಾಗಿ ಅರಾಕಾನ್ ಬೆಟ್ಟಗಳ ಮೇಲೆ ತಗ್ಗಿ ಹಾರಿ, ಜಪಾನೀಯರ ನೆಲೆಗಳ ಚಿತ್ರ ತೆಗೆದು ತರುವುದು ಅವರ ಕೆಲಸ. 14ನೇ ಸೇನೆಯ ಕಣ್ಣುಗಳೆಂದು ಆ ಸ್ಕ್ವಾಡ್ರನ್ನಿಗೆ ಹೆಸರು ಬಂತು. ಆ ಸೇನೆಯ ದಂಡನಾಯಕ ಸ್ಲಿಮ್ ಯುದ್ಧಾನಂತರ ಬರೆದ ತಮ್ಮ ಗ್ರಂಥದಲ್ಲಿ ಈ ಸ್ಕ್ವಾಡ್ರನ್ನನ್ನೂ ಅದರ ಸಿಖ್ ನಾಯಕನನ್ನೂ ಮೆಚ್ಚುಗೆಯಿಂದ ನೆನೆದಿದ್ದಾರೆ. 1944ರಲ್ಲಿ ಡಿ.ಎಸ್.ಒ. ಪದಕ ಬಂತು. ಎರಡನೆಯ ಮಹಾಯುದ್ಧದಲ್ಲಿ ಆ ಪದಕ ಪಡೆದ ಭಾರತೀಯ ವಾಯುಪಡೆಯ ಅಧಿಕಾರಿ ಇವರೊಬ್ಬರೇ. ತಾನು ಹೋಗದ ಕಡೆ ತನ್ನ ಹುಡುಗರನ್ನು ಕಳುಹಿಸದ ನಾಯಕ ಎಂಬ ಮಾತು ಅವರ ಬಗ್ಗೆ ಹಬ್ಬಿದ್ದು ಇಲ್ಲಿಂದ. ಪ್ರೀತಿಯಿಂದ ಬಾಬಾ ಎಂದು ಕರೆಯುತ್ತಿದ್ದರಂತೆ; ಕರೆಸಿಕೊಂಡವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ!

1947 ಬಂತು. ದೇಶ ಎರಡಾಯಿತು, ಲಾಯಲ್‌ಪುರ ಗಡಿಯ ಆಚೆ ಉಳಿಯಿತು. ಅಕ್ಟೋಬರಿನಲ್ಲಿ ಕಾಶ್ಮೀರದ ಮೇಲೆ ದಾಳಿಯಾದಾಗ ಅಕ್ಟೋಬರ್ 27ರಿಂದ ಡಕೋಟಾಗಳು ದೆಹಲಿಯಿಂದ ಶ್ರೀನಗರಕ್ಕೆ ಸೈನಿಕರನ್ನು ಹೊತ್ತು ತರತೊಡಗಿದವು. ನವೆಂಬರಿನಲ್ಲಿ ಮೆಹರ್ ಸಿಂಗ್ ಏರ್ ಕಮೊಡೋರ್ ಆಗಿ ಜಮ್ಮು-ಕಾಶ್ಮೀರದ ವಾಯು ಕಾರ್ಯಾಚರಣೆಯ ಹೊಣೆ ಹೊತ್ತರು.

ಡಕೋಟಾ ಎಂದರೆ ಹಳೆಯ ಬೆಂಗಳೂರಿನವರಿಗೆ ಅಪರಿಚಿತವಲ್ಲ. ಎರಡು ಎಂಜಿನ್, ಮುಂದೆ ಎರಡು ದೊಡ್ಡ ಗಾಲಿ, ಬಾಲದಡಿ ಒಂದು ಪುಟ್ಟ ಗಾಲಿ. ನೆಲದ ಮೇಲೆ ನಿಂತಾಗ ಮೂಗು ಮೇಲೆತ್ತಿ ಆಕಾಶ ನೋಡುವ ವಿಮಾನ. ಮಹಾಯುದ್ಧದ ಕಾಲದಲ್ಲಿ ಬೆಂಗಳೂರಿನ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ದುರಸ್ತಿ ಕಂಡ ಅಮೆರಿಕನ್ ವಿಮಾನಗಳಲ್ಲಿ ಇವೂ ಇದ್ದವು. ಇಂದಿನ ಜಂಬೋಗಳ ಪಕ್ಕದಲ್ಲಿ ನಿಲ್ಲಿಸಿದರೆ ಇದು ಆಟಿಕೆ. ಆದರೆ ಹುಲ್ಲುಗಾವಲಿರಲಿ, ಮಣ್ಣಿರಲಿ, ಇಳಿಸಿದಲ್ಲಿ ಇಳಿಯುತ್ತಿತ್ತು. ಅಂದಿನ ಒಂದು ಡಕೋಟಾವನ್ನು ಇದೇ ಬ್ರಿಟನ್ನಿನಲ್ಲಿ ಜೀರ್ಣೋದ್ಧಾರ ಮಾಡಿ 2018ರಲ್ಲಿ ಭಾರತಕ್ಕೆ ಹಾರಿಸಿಕೊಂಡು ಹೋದರು. ವಾಯುಪಡೆ ಅದಕ್ಕೆ ಪರಶುರಾಮ ಎಂದು ಹೆಸರಿಟ್ಟಿದೆ.

ಮೆಹರ್ ಸಿಂಗರ ಮೊದಲ ದೊಡ್ಡ ಪರೀಕ್ಷೆ ಪೂಂಛ್ ಪಟ್ಟಣ. ಸುತ್ತಲ ಬೆಟ್ಟಗಳಲ್ಲಿ ದಾಳಿಕೋರರು ಕುಳಿತಿದ್ದರು. ಒಳಗೆ ಬ್ರಿಗೇಡಿಯರ್ ಪ್ರೀತಂ ಸಿಂಗರ ಸೈನಿಕರು ಮತ್ತು ಹಳ್ಳಿಹಳ್ಳಿಗಳಿಂದ ಓಡಿಬಂದ ಸಾವಿರಾರು ನಿರಾಶ್ರಿತರು. ರಸ್ತೆ ಕಡಿದುಹೋಗಿತ್ತು. ಆಕಾಶದಿಂದ ಮೂಟೆ ಉದುರಿಸಬಹುದಿತ್ತು, ಆದರೆ ಗಾಯಗೊಂಡವರನ್ನು ಹೊರಗೆ ಒಯ್ಯುವುದು ಹೇಗೆ? 1947ರ ಡಿಸೆಂಬರಿನಲ್ಲಿ ಸೈನಿಕರೂ ನಿರಾಶ್ರಿತರೂ ಕೈಗೂಡಿಸಿ, ಗುದ್ದಲಿ ಬುಟ್ಟಿ ಹಿಡಿದು, ಸುಮಾರು ಒಂದು ವಾರದಲ್ಲಿ ಒಂದು ಏರ್‌ಸ್ಟ್ರಿಪ್ ಮಾಡಿದರು. ಡಕೋಟಾ ಚಾಲಕ ಕೇಳುವ ಉದ್ದ ಅದಕ್ಕಿರಲಿಲ್ಲ. ಮೂರು ಕಡೆ ಹಳ್ಳ ಹರಿಯುತ್ತಿತ್ತು. ಇಳಿಯಲು ಬೆಟ್ಟದ ಸಂದಿನಿಂದ ಕಡಿದಾಗಿ ಜಾರಬೇಕು. ಜಾರುವಾಗ ಬೆಟ್ಟದ ಮೇಲಿನ ಬಂದೂಕುಗಳಿಗೆ ವಿಮಾನ ಒಳ್ಳೆಯ ಗುರಿ.

ಮೊದಲು ಇಳಿದವರು ಮೆಹರ್ ಸಿಂಗರೇ. ಅಲ್ಲಿ ಒಂದು ಟನ್ ಭಾರವಷ್ಟೇ ಕ್ಷೇಮ ಎಂದು ನಿಗದಿಯಾಗಿದ್ದಾಗ ಅವರು ಮೂರು ಟನ್ ಹೊತ್ತು ಇಳಿದರೆಂದು ವಾಯುಪಡೆಯ ಬರಹಗಳು ಹೇಳುತ್ತವೆ. ನಿಯಮ ಮುರಿದ ಈ ಸಂಗತಿಯನ್ನು ಹೊಗಳಿಕೆಯ ಧಾಟಿಯಲ್ಲೇ ಎಲ್ಲರೂ ಬರೆಯುತ್ತಾರೆ. ನಮಗೆ ಅನಿಸುವುದು ಬೇರೆ. ವಿಮಾನದ ಭಾರ ಹೆಚ್ಚಿದಷ್ಟೂ ಅದು ಇಳಿಯುವ ವೇಗ ಹೆಚ್ಚು, ನಿಲ್ಲಲು ಬೇಕಾದ ನೆಲ ಹೆಚ್ಚು, ಬ್ರೇಕಿನ ಮೇಲೆ ಬೀಳುವ ಹೊರೆ ಹೆಚ್ಚು. ಇದು ಕ್ರಾನ್‌ವೆಲ್‌ನಲ್ಲಿ ಕಲಿತವರಿಗೆ ತಿಳಿಯದ್ದೇನಲ್ಲ. ಎಷ್ಟು ಭಾರಕ್ಕೆ ಎಷ್ಟು ನೆಲ ಬೇಕೆಂಬುದನ್ನು ಲೆಕ್ಕದ ಪುಸ್ತಕದಲ್ಲಲ್ಲದೆ ಆ ಪಟ್ಟಿಯ ಮೇಲೆಯೇ ಯಾರಾದರೂ ಒಬ್ಬರು ಕಂಡುಹಿಡಿಯಬೇಕಿತ್ತು. ಆ ಒಬ್ಬರು ತಾನಾಗಿರಲಿ, ತನ್ನ ಕೈಕೆಳಗಿನ ಇಪ್ಪತ್ತೆರಡರ ಹುಡುಗ ಆಗದಿರಲಿ ಎಂದುಕೊಂಡದ್ದು ಅವರ ದೊಡ್ಡತನ. ಅವರು ಇಳಿದು ತೋರಿಸಿದ ಮೇಲೆ ಉಳಿದವರು ಇಳಿದರು. ಮದ್ದುಗುಂಡು, ಹಿಟ್ಟು, ಉಪ್ಪು ಒಳಗೆ ಬಂತು. ಗಾಯಾಳುಗಳೂ ಹೆಂಗಸರು ಮಕ್ಕಳೂ ಹೊರಗೆ ಹೋದರು. ಮುಂದೆ ಪಟ್ಟಿಯ ಮೇಲೆ ಫಿರಂಗಿ ಗುಂಡು ಬೀಳತೊಡಗಿದಾಗ ರಾತ್ರಿ ಹೊತ್ತು, ನೆಲದಲ್ಲಿಟ್ಟ ಎಣ್ಣೆದೀಪಗಳ ಸಾಲನ್ನು ನೋಡಿಕೊಂಡು, ಪೂಂಛ್‌ಗೆ ಫಿರಂಗಿಗಳನ್ನೇ ಇಳಿಸಿದರು. ನಮ್ಮೂರಿನ ಕಾರ್ತೀಕ ದೀಪೋತ್ಸವವನ್ನು ನೆನಪು ಮಾಡಿಕೊಂಡು, ಅಷ್ಟೇ ಬೆಳಕಿನಲ್ಲಿ ಬೆಟ್ಟಗಳ ನಡುವೆ ಎರಡು ಎಂಜಿನ್ನಿನ ವಿಮಾನ ಇಳಿಸುವುದನ್ನು ಊಹಿಸಿಕೊಳ್ಳಿ. ಸಾಮಾನು ಸಾಗಿಸುವ ಆ ಡಕೋಟಾಗಳ ಬಾಗಿಲಿನಿಂದಲೇ ಬಾಂಬುಗಳನ್ನು ಉರುಳಿಸಿದ್ದೂ ಉಂಟು. ಒಂದು ವರ್ಷ ಪೂಂಛ್ ಹೀಗೆ ಆಕಾಶದ ದಾರಿಯಿಂದಲೇ ಉಸಿರಾಡಿತು. 1948ರ ನವೆಂಬರಿನಲ್ಲಿ ರಸ್ತೆ ಕೂಡಿಕೊಂಡಿತು.

ಅಷ್ಟರಲ್ಲಿ ಲಡಾಖ್‌ಗೆ ಕಂಟಕ ಬಂದಿತ್ತು. 1948ರ ಮೇ ತಿಂಗಳಲ್ಲಿ ಕಾರ್ಗಿಲ್ ಕೈಬಿಟ್ಟು, ಶ್ರೀನಗರದಿಂದ ಲೇಹ್‌ಗೆ ಹೋಗುವ ಏಕೈಕ ಹತ್ತಿರದ ದಾರಿ ಜೋಜಿಲಾದ ಆಚೆಗೆ ಕಡಿದುಹೋಯಿತು. ಲಡಾಖಿ ಮಾತಿನಲ್ಲಿ ಲಾ ಎಂದರೆ ಘಾಟಿ. ಮನಾಲಿಯ ಕಡೆಯಿಂದ ಕಾಲುದಾರಿಯಿತ್ತು. ಅದು ವಾರಗಟ್ಟಲೆಯ ನಡಿಗೆ. ಲೇಹ್‌ನಲ್ಲಿದ್ದದ್ದು, ಆ ಚಳಿಗಾಲದಲ್ಲಿ ಹಿಮದ ಮೇಲೆ ಜೋಜಿಲಾ ದಾಟಿ ಬಂದಿದ್ದ ಮೇಜರ್ ಪೃಥೀಚಂದರ ಚಿಕ್ಕ ತಂಡ ಮತ್ತು ಸ್ಥಳೀಯ ಸ್ವಯಂಸೇವಕರು. ಅವರು ಹಿಡಿದಿಟ್ಟುಕೊಳ್ಳಬಲ್ಲದ್ದು ಕೆಲವು ದಿನ ಮಾತ್ರ. ಕಾಶ್ಮೀರ ಕಣಿವೆಯ ಸೇನೆಯ ಹೊಣೆ ಆಗಷ್ಟೇ ತಿಮ್ಮಯ್ಯನವರಿಗೆ ಬಂದಿತ್ತು. ಲೇಹ್‌ಗೆ ಸೈನಿಕರನ್ನು ಕಳುಹಿಸಬೇಕಾದರೆ ಇದ್ದ ದಾರಿ ಆಕಾಶವೊಂದೇ.

ಇಳಿಯಲು ನೆಲವನ್ನು ಲಡಾಖ್‌ನವರೇ ಆದ ಇಂಜಿನಿಯರ್ ಸೋನಂ ನೋರ್ಬು ಸಿದ್ಧಪಡಿಸಿದ್ದರು. ಸಿಂಧೂ ನದಿಯ ಪಕ್ಕದ ಮರಳು ಬಯಲಿನಲ್ಲಿ, ಯಂತ್ರಗಳ ಸಹಾಯವಿಲ್ಲದೆ, ಹಳ್ಳಿಗರ ಕೈಯಿಂದ ಕಲ್ಲು ಆರಿಸಿಸಿ ನೆಲ ಮಟ್ಟಮಾಡಿಸಿ ಕೆಲವೇ ವಾರಗಳಲ್ಲಿ ಪಟ್ಟಿ ತಯಾರಾಯಿತು. ವಿಮಾನವನ್ನೇ ಕಂಡಿರದ ಜನ ವಿಮಾನಕ್ಕೆ ಹಾಸಿಗೆ ಹಾಸಿದರು! ಮೆಹರ್ ಸಿಂಗರ ಹೆಸರು ಹೇಳುವಾಗ ನೋರ್ಬುರವರ ಹೆಸರನ್ನು ಬಿಡುವುದು ನ್ಯಾಯವಲ್ಲ. ಇಳಿಯುವವನ ಧೈರ್ಯಕ್ಕೆ ನೆಲ ಮಾಡಿದವನ ಪ್ರಾಮಾಣಿಕತೆಯೇ ಆಧಾರ.

ಇನ್ನು ಆ ಹಾರಾಟ ಏಕೆ ಅಷ್ಟು ಕಷ್ಟ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ವಿಮಾನದಲ್ಲಿ ಹತ್ತು ಗಂಟೆ ಕೂತು ಸಿನಿಮಾ ನೋಡುತ್ತಾ ಊರಿಗೆ ಹೋಗಿಬರುವ ನಮಗೆ, ಅದರಲ್ಲೂ ನಮ್ಮ ಮಕ್ಕಳಿಗೆ, ಅದು ಸುಲಭಕ್ಕೆ ಅರ್ಥವಾಗುವುದಿಲ್ಲ. ಈ ದ್ವೀಪದ ಅತಿ ಎತ್ತರದ ಬೆಟ್ಟ ಬೆನ್ ನೆವಿಸ್ 4,400 ಅಡಿ. ನಮ್ಮ ಮುಳ್ಳಯ್ಯನಗಿರಿ 6,300 ಅಡಿ. ಲೇಹ್‌ನ ಆ ಮರಳು ಪಟ್ಟಿ ಸುಮಾರು 11,000 ಅಡಿ ಎತ್ತರದಲ್ಲಿತ್ತು. ಅಷ್ಟು ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದಲ್ಲಿರುವುದರ ಹತ್ತರಲ್ಲಿ ಏಳು ಪಾಲು ಮಾತ್ರ. ನೀರು 89 ಡಿಗ್ರಿಯ ಹೊತ್ತಿಗೇ ಕುದಿಯುತ್ತದೆ. ಕುಕ್ಕರ್ ಇಲ್ಲದೆ ತೊಗರಿಬೇಳೆ ಸರಿಯಾಗಿ ಬೇಯುವುದಿಲ್ಲ. ಬೇಳೆಯ ಪಾಡು ಹೀಗಾದರೆ ಎಂಜಿನ್ನಿನ ಪಾಡೇನು? ಅದಕ್ಕೂ ಗಾಳಿಯೇ ಆಹಾರ. ಗಾಳಿ ತೆಳುವಾದಂತೆ ಎಂಜಿನ್ನಿನ ಶಕ್ತಿ ಇಳಿಯುತ್ತದೆ, ಪ್ರೊಪೆಲರಿಗೆ ಕಚ್ಚಿ ಹಿಡಿಯಲು ಗಾಳಿ ಸಿಗುವುದಿಲ್ಲ. ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯಬೇಕಾದರೆ ಹೆಚ್ಚು ವೇಗ ಬೇಕು. ಆದ್ದರಿಂದ ಅಲ್ಲಿ ವಿಮಾನ ನೆಲ ಮುಟ್ಟುವ ನಿಜವಾದ ವೇಗ ಬಯಲಿನಲ್ಲಿರುವುದಕ್ಕಿಂತ ಐದನೆಯ ಒಂದು ಪಾಲಿನಷ್ಟು ಹೆಚ್ಚು. ಚಾಲಕನ ಮುಂದಿನ ಮುಳ್ಳು ಮಾತ್ರ ಎಂದಿನ ಅಂಕಿಯನ್ನೇ ತೋರಿಸುತ್ತಿರುತ್ತದೆ. ಕಣ್ಣು ಹೇಳುವುದು ಒಂದು, ಮುಳ್ಳು ಹೇಳುವುದು ಇನ್ನೊಂದು. ಕಣ್ಣನ್ನು ನಂಬಿ ವೇಗ ತಗ್ಗಿಸಿದ ಚಾಲಕ ನೆಲ ಸೇರುವ ಮೊದಲೇ ಕಲ್ಲಿನಂತೆ ಬೀಳುತ್ತಾನೆ. ಬಿಸಿಲೇರಿದರೆ ಗಾಳಿ ಇನ್ನಷ್ಟು ತೆಳು. ಬೆಳಗಿನ ಏಳು ಗಂಟೆಗೆ ಸಾಕಾಗುವ ಪಟ್ಟಿ ಮಧ್ಯಾಹ್ನಕ್ಕೆ ಸಾಲುವುದಿಲ್ಲ.

ಗಾಳಿಯ ಚಲನೆ ಇನ್ನೊಂದು ಕಂಟಕ. ಹೊಳೆಯ ನೀರು ಬಂಡೆಯ ಮೇಲೆ ಏರಿ ಆಚೆಗೆ ಧುಮುಕಿ ಸುಳಿಯಾಗುವುದನ್ನು ನಾವೆಲ್ಲ ಕಾವೇರಿಯಲ್ಲೋ ತುಂಗೆಯಲ್ಲೋ ನೋಡಿದ್ದೇವೆ. ಬೆಟ್ಟದ ಸಾಲಿನ ಮೇಲೆ ಗಾಳಿಯೂ ಹಾಗೆಯೇ. ಏರುವ ಕಡೆ ವಿಮಾನವನ್ನು ಮೇಲಕ್ಕೆತ್ತುತ್ತದೆ, ಇಳಿಯುವ ಕಡೆ ಕೆಳಕ್ಕೆ ಅದುಮುತ್ತದೆ. ಆ ಅದುಮು ಎಂಜಿನ್ನಿನ ಏರುವ ಶಕ್ತಿಗಿಂತ ಹೆಚ್ಚಾದರೆ ಚಾಲಕನ ಕೈಯಲ್ಲಿ ಏನೂ ಉಳಿಯುವುದಿಲ್ಲ. ಅದಕ್ಕೇ ಬೆಟ್ಟದ ಚಾಲಕರು ಸಾಲನ್ನು ನೇರವಾಗಿ ಎದುರಿಸುವುದಿಲ್ಲ, ಓರೆಯಾಗಿ ಸಮೀಪಿಸುತ್ತಾರೆ. ಸೋತರೆ ಬೇಗ ತಿರುಗಿ ಬರಬಹುದು. ಕಣಿವೆಯೊಳಗೆ ಹೊಕ್ಕ ಮೇಲೆ ತಿರುಗುವುದೂ ಸುಲಭವಲ್ಲ. ತೆಳು ಗಾಳಿಯಲ್ಲಿ ವೇಗ ಹೆಚ್ಚಿರುವುದರಿಂದ ತಿರುಗಲು ಬೇಕಾದ ಜಾಗವೂ ದೊಡ್ಡದಾಗುತ್ತದೆ, ಕಣಿವೆ ಮಾತ್ರ ಮುಂದೆ ಹೋದಂತೆಲ್ಲ ಕಿರಿದಾಗುತ್ತದೆ. ಎರಡು ಕಣಿವೆಗಳು ಸೇರುವಲ್ಲಿ ತಪ್ಪು ಕವಲು ಹಿಡಿದ ವಿಮಾನಕ್ಕೆ ಕೊನೆಯಲ್ಲಿ ಸಿಗುವುದು ಬಂಡೆಯ ಗೋಡೆ. ಬಯಲಿನ ವಿಮಾನ ನಿಲ್ದಾಣದಲ್ಲಿ ಇಳಿಯುವುದು ಸರಿಹೋಗದಿದ್ದರೆ ಮೇಲೆದ್ದು ಒಂದು ಸುತ್ತು ಹಾಕಿ ಮತ್ತೆ ಬರಬಹುದು. ಬೆಟ್ಟದ ಬುಡದ ಪಟ್ಟಿಗಳಲ್ಲಿ ಅನೇಕ ಕಡೆ ಆ ಅವಕಾಶವಿಲ್ಲ. ಒಂದು ಹಂತ ದಾಟಿದ ಮೇಲೆ ಇಳಿಯಲೇಬೇಕು.

ಎಲ್ಲಕ್ಕಿಂತ ಮೋಸದ್ದು ಆಮ್ಲಜನಕದ ಕೊರತೆ. ಹತ್ತು ಹನ್ನೆರಡು ಸಾವಿರ ಅಡಿಯ ಮೇಲೆ ಅದು ಮೆಲ್ಲನೆ ಬುದ್ಧಿಯನ್ನು ಮಂಕು ಮಾಡುತ್ತದೆ. ನೋವಿಲ್ಲ, ಎಚ್ಚರಿಕೆಯಿಲ್ಲ. ಬದಲಿಗೆ ಎಲ್ಲ ಸರಿಯಾಗಿದೆ ಎಂಬ ಒಂದು ಬಗೆಯ ಉಲ್ಲಾಸ ಬರುತ್ತದೆ, ಹೆಂಡದ ಮೊದಲ ಗುಟುಕಿನಂತೆ. ಇಪ್ಪತ್ತು ಸಾವಿರ ಅಡಿ ದಾಟಿದರೆ, ಹೊಂದಿಕೊಳ್ಳದ ದೇಹಕ್ಕೆ ಸರಿಯಾಗಿ ಯೋಚಿಸಲು ಉಳಿಯುವುದು ಕೆಲವು ನಿಮಿಷಗಳು.

ಈಗ ಆ ಮೇ 24ಕ್ಕೆ ಬರೋಣ. 12ನೇ ಸ್ಕ್ವಾಡ್ರನ್ನಿನ ಆರು ಡಕೋಟಾಗಳು, ಮುಂದೆ ಮೆಹರ್ ಸಿಂಗ್. ವಿಮಾನದೊಳಗೆ ಗಾಳಿಯ ಒತ್ತಡ ಕಾಯುವ ಏರ್ಪಾಡಿಲ್ಲ, ರೆಕ್ಕೆಯ ಮೇಲೆ ಕಟ್ಟುವ ಹಿಮವನ್ನು ಕರಗಿಸುವ ಸಾಧನವಿಲ್ಲ, ಆ ದಾರಿಗೆ ನಂಬಬಹುದಾದ ನಕ್ಷೆಯಿಲ್ಲ, ಲೇಹ್‌ನಿಂದ ಹವಾಮಾನ ತಿಳಿಸುವ ವ್ಯವಸ್ಥೆಯಿಲ್ಲ. ಒಂದು ಎಂಜಿನ್ ಕೆಟ್ಟರೆ ಆ ಶಿಖರಗಳ ಮೇಲೆ ಎತ್ತರ ಉಳಿಸಿಕೊಳ್ಳಲು ಉಳಿದ ಒಂದು ಸಾಲದು. ಹಾರಬಹುದೇ ಎಂಬ ಬಗ್ಗೆ ಬಹಳ ಚರ್ಚೆ ನಡೆದಿತ್ತು. ತಿಮ್ಮಯ್ಯನವರೂ ಜೊತೆಗೆ ಬರುವುದಾದರೆ ತಾನು ಹೋಗಲು ಸಿದ್ಧ ಎಂದು ಮೆಹರ್ ಸಿಂಗ್ ಹೇಳಿದರೆಂದೂ ಕೊಡಗಿನ ಜನರಲ್ ಕೂಡಲೇ ಒಪ್ಪಿ ಹತ್ತಿ ಕುಳಿತರೆಂದೂ ಸೇನೆಯಲ್ಲಿ ಇಂದಿಗೂ ಹೇಳುತ್ತಾರೆ. ಒಂದು ಡಿವಿಷನ್ನಿನ ದಂಡನಾಯಕ ಹಾಗೆ ಹೋಗಬಹುದಿತ್ತೇ ಎಂದು ಇಂದು ಕುಳಿತು ವಾದಿಸಬಹುದು. ಅಂದು ಇಬ್ಬರಿಗೂ ಗೊತ್ತಿದ್ದದ್ದು ಒಂದೇ: ತಾವು ಹೋಗದಿದ್ದರೆ ಸೈನಿಕರನ್ನು ಹತ್ತಿಸುವ ನೈತಿಕ ಬಲ ತಮಗಿಲ್ಲ.

ಶ್ರೀನಗರದಿಂದ ಲೇಹ್ ನೇರವಾಗಿ ಅಳೆದರೆ ಸುಮಾರು 250 ಕಿಲೋಮೀಟರ್. ನಮ್ಮ ಲೆಕ್ಕದಲ್ಲಿ ಬರ್ಮಿಂಗ್‌ಹ್ಯಾಮ್‌ನಿಂದ ಲಂಡನ್ನಿಗೂ ಸ್ವಲ್ಪ ಆಚೆಗೆ. ಸೋನಾಮಾರ್ಗದ ಹಸಿರು ಹಿಂದಾಯಿತು. ಜೋಜಿಲಾ ದಾಟಿದ ಮೇಲೆ ಕೆಳಗೆ ದ್ರಾಸ್, ಕಾರ್ಗಿಲ್. ಎದುರಾಳಿಗಳ ಕೈಯಲ್ಲಿದ್ದ, ಅಥವಾ ಕೈಗೆ ಬೀಳಲಿದ್ದ ಕಣಿವೆಗಳು. ಬಲಕ್ಕೆ ನುನ್, ಕುನ್ ಎಂಬ 23,000 ಅಡಿ ಮೀರಿದ ಅವಳಿ ಶಿಖರಗಳು. ಮುಂದೆ 13,000 ಅಡಿ ಮೀರಿದ ಫೋಟುಲಾ. ಮೋಡ ಬೆಟ್ಟದೊಡನೆ ಬೆರೆಯುವ ಈ ದೇಶದಲ್ಲಿ ಬೇರೆ ಉಪಾಯವಿಲ್ಲದೆ ವಿಮಾನ ಒಂದು ಹಂತದಲ್ಲಿ 23-24 ಸಾವಿರ ಅಡಿಗೆ ಏರಿತೆಂದು ದಾಖಲೆಗಳು ಹೇಳುತ್ತವೆ. ಅದು ಡಕೋಟಾದ ಶಕ್ತಿಯ ಅಂಚು. ಅಲ್ಲಿಂದ ಮೇಲೆ ಅದು ಏರಲಾರದು. ಒಳಗೆ ಕುಳಿತವರ ಉಸಿರಿನದೂ ಅದೇ ಅಂಚು. ಆಮೇಲೆ ಸಿಂಧೂ ಕಣಿವೆ ತೆರೆದುಕೊಂಡಿತು. ಕಂದು ಬಯಲು, ನಡುವೆ ಹೊಳೆ, ಹೊಳೆಯ ಪಕ್ಕ ಹಳ್ಳಿಗರು ಕಲ್ಲು ಆರಿಸಿದ ಆ ಪಟ್ಟಿ. ಮೆಹರ್ ಸಿಂಗ್ ಇಳಿಸಿದರು. ಮರಳೆದ್ದಿತು, ವಿಮಾನ ನಿಂತಿತು.

ಆಕಾಶದಿಂದ ಬಂದ ಈ ಪ್ರಾಣಿಗೆ ಹಸಿವಾಗಿರಬೇಕೆಂದು ಊರವರು ಹುಲ್ಲು ತಂದಿಟ್ಟರೆಂಬ ಕಥೆ ಲೇಹ್‌ನಲ್ಲಿ ಪ್ರಸಿದ್ಧ. ನಿಜವೋ ಕಟ್ಟುಕಥೆಯೋ, ಹೇಳುವಾಗ ಲಡಾಖಿಗರೇ ನಗುತ್ತಾರಾದ್ದರಿಂದ ನಾವೂ ಹೇಳಿದೆವು.

ಬಂದ ದಾರಿಯಲ್ಲೇ ತಿರುಗಿ ಹೋಗಿ, ಹೋಗಬಹುದು ಎಂದು ಹೇಳಿದ್ದೇ ಆ ದಿನದ ಫಲ. ಜೂನ್ ಆರಂಭದಿಂದ ಡಕೋಟಾಗಳು ಗೂರ್ಖಾ ಸೈನಿಕರನ್ನು ಲೇಹ್‌ಗೆ ತಂದಿಳಿಸತೊಡಗಿದವು. ಲೇಹ್ ಉಳಿಯಿತು. ಎಲ್ಲ ಕಡೆ ಹೀಗಾಗಲಿಲ್ಲ ಎಂಬುದನ್ನೂ ಹೇಳಬೇಕು. ಸ್ಕರ್ದುವಿನ ಕೋಟೆಯಲ್ಲಿ ಕರ್ನಲ್ ಶೇರ್ ಜಂಗ್ ಥಾಪಾರ ದಂಡು ತಿಂಗಳುಗಟ್ಟಲೆ ಮುತ್ತಿಗೆಯಲ್ಲಿತ್ತು. ಅಲ್ಲಿಗೆ ಡಕೋಟಾ ಹೋಗುವಂತಿರಲಿಲ್ಲ. ಟೆಂಪೆಸ್ಟ್ ಯುದ್ಧವಿಮಾನಗಳಿಂದ ಡಬ್ಬಿಗಳನ್ನು ಉದುರಿಸಿ ನೋಡಿದರು. ಸಾಲಲಿಲ್ಲ. 1948ರ ಆಗಸ್ಟ್ 14ರಂದು ಸ್ಕರ್ದು ಬಿತ್ತು. ವಿಮಾನ ಇಳಿದ ಊರಿಗೂ ಇಳಿಯಲಾರದ ಊರಿಗೂ ಇದ್ದ ವ್ಯತ್ಯಾಸ ಇದು. ನವೆಂಬರ್ 1ರಂದು ತಿಮ್ಮಯ್ಯನವರು ಯಾರೂ ಎಣಿಸಿರದಂತೆ ಟ್ಯಾಂಕುಗಳನ್ನು ಜೋಜಿಲಾಕ್ಕೆ ಏರಿಸಿದರು. ಅದೇ ತಿಂಗಳಲ್ಲಿ ಕಾರ್ಗಿಲ್ ಮರಳಿ ಸಿಕ್ಕಿತು, ಲೇಹ್‌ಗೆ ನೆಲದ ದಾರಿ ತೆರೆಯಿತು.

ಮೆಹರ್ ಸಿಂಗರ ಸೇವಾಜೀವನ ಅದಾದ ಮೇಲೆ ಹೆಚ್ಚು ಕಾಲ ನಡೆಯಲಿಲ್ಲ. ಮೇಲಿನವರೊಡನೆ ಹೊಂದಿಕೆಯಾಗಲಿಲ್ಲ ಎಂಬ ಮಾತಿದೆ. ಯುದ್ಧಕಾಲದಲ್ಲಿ ಬೇಕಾಗುವ ಗುಣವೇ ಶಾಂತಿಕಾಲದ ಕಚೇರಿಗೆ ಹೊರೆಯಾಗುವುದು ಹೊಸತೇನಲ್ಲ. ವಾಯುಪಡೆ ಬಿಟ್ಟು ಪಟಿಯಾಲದ ಮಹಾರಾಜರ ಬಳಿ ಸಲಹೆಗಾರರಾದರು. 1950ರ ಗಣರಾಜ್ಯ ದಿನದಂದು ಮಹಾವೀರ ಚಕ್ರ ಘೋಷಣೆಯಾಯಿತು. 1952ರ ಮಾರ್ಚ್‌ನ ಒಂದು ರಾತ್ರಿ ಸಣ್ಣ ವಿಮಾನವೊಂದರಲ್ಲಿ ಜಮ್ಮುವಿನಿಂದ ದೆಹಲಿಗೆ ಬರುತ್ತಿದ್ದಾಗ ಬಿರುಗಾಳಿಗೆ ಸಿಕ್ಕಿ, ದೆಹಲಿಯ ಹೊರವಲಯದಲ್ಲಿ ವಿಮಾನ ನೆಲಕ್ಕಪ್ಪಳಿಸಿತು. ಹಿಮಾಲಯ ಮುಟ್ಟದವರನ್ನು ಬಯಲು ನುಂಗಿತು. ಮೂವತ್ತೇಳು ತುಂಬಲು ಅವರಿಗೆ ಇನ್ನು ಕೆಲವೇ ದಿನಗಳಿದ್ದವು.

ಅವರು ಹುಡುಕಿದ ದಾರಿಯ ಅಪಾಯ ಅವರೊಡನೆ ಮುಗಿಯಲಿಲ್ಲ. 1968ರ ಫೆಬ್ರವರಿ 7ರಂದು ಚಂಡೀಗಢದಿಂದ ಲೇಹ್‌ಗೆ ಹೊರಟ ವಾಯುಪಡೆಯ ನಾಲ್ಕು ಎಂಜಿನ್ನಿನ ಎಎನ್-12 ವಿಮಾನ, ಹವೆ ಕೆಟ್ಟಿದ್ದರಿಂದ ಹಿಂತಿರುಗುವಾಗ ರೋಹ್ತಾಂಗ್ ಬಳಿ 102 ಜನರೊಡನೆ ಕಾಣೆಯಾಯಿತು. ಅದರ ಅವಶೇಷ ಸಿಕ್ಕಿದ್ದು 2003ರಲ್ಲಿ, ಲಾಹೌಲ್‌ನ ಹಿಮನದಿಯೊಂದರಲ್ಲಿ. 2024ರಲ್ಲಿ ಕೂಡ ಅಲ್ಲಿಂದ ಸೈನಿಕರ ದೇಹಗಳನ್ನು ಹೊರತೆಗೆದು ಊರಿಗೆ ಕಳುಹಿಸಿದರು. ಐವತ್ತಾರು ವರ್ಷ ಕಾದ ಮನೆಗಳಿಗೆ! ಅಂದು ಆ ಚಾಲಕರು ಮಾಡಿದ ನಿರ್ಧಾರ ತಪ್ಪಲ್ಲ; ಹಿಂತಿರುಗುವುದೇ ಸರಿ. ಬೆಟ್ಟ ಅಷ್ಟಕ್ಕೂ ಬಿಡಲಿಲ್ಲ.

2018ರಲ್ಲಿ ವಾಯುಪಡೆ ಮೆಹರ್ ಸಿಂಗರ ಹೆಸರಿನಲ್ಲಿ ಮೆಹರ್ ಬಾಬಾ ಸ್ಪರ್ಧೆಯನ್ನು ಆರಂಭಿಸಿತು. ಚಾಲಕನಿಲ್ಲದ ಡ್ರೋನ್‌ಗಳು ಗುಂಪಾಗಿ ಹಾರಿ, ವಿಪತ್ತಿನಲ್ಲಿ ಸಿಲುಕಿದ ಜನರಿಗೆ ನೆರವು ತಲುಪಿಸುವಂತೆ ಮಾಡುವುದು ಅದರ ಉದ್ದೇಶವಾಗಿತ್ತು. ಮೊದಲು ತಾನೇ ಹೋಗುತ್ತಿದ್ದ ಚಾಲಕನ ಹೆಸರನ್ನು, ಯಾರೂ ಹೋಗಬೇಕಾಗಿಲ್ಲದ ವಿಮಾನಗಳಿಗೆ ಇಟ್ಟದ್ದು ನಮಗೆ ಒಳ್ಳೆಯದೆಂದೇ ತೋರುತ್ತದೆ.

ರಜೆಯಲ್ಲಿ ಊರಿಗೆ ಹೋದಾಗ ಮಕ್ಕಳನ್ನು ಲಡಾಖ್‌ಗೆ ಕರೆದೊಯ್ಯುವ ಕುಟುಂಬಗಳು ನಮ್ಮಲ್ಲೂ ಹೆಚ್ಚುತ್ತಿವೆ. ದೆಹಲಿಯಿಂದ ಸುಮಾರು ಒಂದೂಕಾಲು ಗಂಟೆಯ ಹಾರಾಟ. ಬೆಳಗಿನ ವಿಮಾನವನ್ನೇ ಹಿಡಿಯಿರಿ. ಬಿಸಿಲು ಗಾಳಿಗಳು ಏರುವ ಮೊದಲೇ ಹೋಗಿಬರುವ ಪದ್ಧತಿ ಅಲ್ಲಿ ಹಿಂದಿನಿಂದಲೂ ಇದೆ. ಬೆಟ್ಟ ಅಡ್ಡವಿರುವುದರಿಂದ ವಿಮಾನಗಳು ಸಾಮಾನ್ಯವಾಗಿ ಒಂದು ಕಡೆಯಿಂದ ಇಳಿದು ಅದೇ ಕಡೆಗೆ ಮೇಲೇರುತ್ತವೆ. ಇಳಿದ ಮೇಲೆ ಮೊದಲ ಒಂದೆರಡು ದಿನ ಓಡಾಡದೆ ಕೋಣೆಯಲ್ಲೇ ಮಲಗಿರಿ ಎಂದು ಅಲ್ಲಿನ ವೈದ್ಯರು ಹೇಳುತ್ತಾರೆ. 1948ರ ಜೂನ್‌ನಲ್ಲಿ ಬಂದಿಳಿದ ಗೂರ್ಖಾಗಳಿಗೆ ಹಾಗೆ ಹೇಳುವವರು ಯಾರೂ ಇರಲಿಲ್ಲ. ಅವರು ಬಂದೂಕು ಹೆಗಲಿಗೇರಿಸಿಕೊಂಡು ಬೆಟ್ಟದ ಕಾವಲಿಗೆ ಹೋದರು.